ಶಿಕಾರಿಪುರ ತಾಲ್ಲೂಕಿನ ಹಳೆಯ ಊರು, ಗುಡಿ, ಶಾಸನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಜಿಲ್ಲೆಗೆ ಬರುವವರು ಜೋಗ ನೋಡುತ್ತಾರೆ, ಆಗುಂಬೆ ನೋಡುತ್ತಾರೆ. ದಾರಿಯಲ್ಲಿ ಪುರುಸೊತ್ತಿದ್ದರೆ ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೂ ಒಮ್ಮೆ ಹೋಗಿ ಬರುತ್ತಾರೆ. ಆದರೆ ಈ ತಾಲ್ಲೂಕಿನಲ್ಲಿ ಇರುವುದು ಒಂದು ಗುಡಿಯಲ್ಲ. ಜನ ಇಲ್ಲಿ ಯಾವಾಗ ನೆಲೆ ನಿಂತರು, ಕೆರೆ ಕಟ್ಟಿಸಿದವರು ಯಾರು, ಮಕ್ಕಳಿಗೆ ಅಕ್ಷರ ಕಲಿಸಿದ್ದು ಎಲ್ಲಿ, ಕಾಯಿಲೆ ಬಿದ್ದವರಿಗೆ ಮದ್ದು ಕೊಟ್ಟಿದ್ದು ಯಾರು ಎಂಬುದೆಲ್ಲ ಇಲ್ಲಿನ ಕಲ್ಲುಗಳ ಮೇಲೆ ಬರೆದಿದೆ. ಊರು ನೋಡಲು ಬರುವವರೂ, ಇಲ್ಲೇ ಹುಟ್ಟಿ ಬೆಳೆದವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಈ ತಾಲ್ಲೂಕು ಎಲ್ಲಿದೆ? ನೆಲ ಎಂಥದ್ದು?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ 50 ಕಿ.ಮೀ. ಆಸುಪಾಸು. ಪಶ್ಚಿಮಕ್ಕೆ ಸೊರಬ, ಉತ್ತರಕ್ಕೆ ಹಾವೇರಿ ಜಿಲ್ಲೆಯ ಹಿರೇಕೆರೂರು. ಇದು ಪೂರಾ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಅರೆಮಲೆನಾಡು ಅಂತೀವಲ್ಲ, ಅದು. ಹುಂಚದ ಕಡೆಯಿಂದ ಬರುವ ಕುಮುದ್ವತಿ ಹೊಳೆ ತಾಲ್ಲೂಕಿನ ಮೂಲಕ ಹರಿದು ಮುಂದೆ ತುಂಗಭದ್ರೆ ಸೇರುತ್ತದೆ. ಅಂಜನಾಪುರದ ಅಣೆಕಟ್ಟು ಇರುವುದು ಇದೇ ಹೊಳೆಗೆ.

ನೆಲದ ಗುಣ ಗೊತ್ತಾದರೆ ಚರಿತ್ರೆ ಅರ್ಧ ಗೊತ್ತಾದ ಹಾಗೆ. ಮಳೆ ಇದೆ, ಆದರೆ ವರ್ಷವಿಡೀ ಸಾಲುವಷ್ಟಿಲ್ಲ. ತಗ್ಗಿಗೆ ಏರಿ ಹಾಕಿ ನೀರು ನಿಲ್ಲಿಸಿದರೆ ಭತ್ತ ಬೆಳೆಯುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಸರಕು ಬಯಲಿಗೆ ಇಳಿಯಲು ಇದೇ ಸೀಮೆ ದಾಟಬೇಕಿತ್ತು. ನೀರೂ ದಾರಿಯೂ ಎರಡೂ ಇದ್ದ ಜಾಗದಲ್ಲಿ ಜನ ನೆಲೆ ನಿಲ್ಲದೆ ಇರುತ್ತಾರಾ?

ಇಲ್ಲಿ ಊರುಗಳು ಎಷ್ಟು ಹಳೆಯವು?

ಬರಹದ ಸಾಕ್ಷಿ ಬೇಕೆಂದರೆ ಮಳವಳ್ಳಿಗೆ ಹೋಗಬೇಕು. ಮಂಡ್ಯದ ಮಳವಳ್ಳಿ ಅಲ್ಲ, ಇದೇ ತಾಲ್ಲೂಕಿನದು. ಅಲ್ಲಿ ಆರು ಮುಖದ ಒಂದು ಕಲ್ಲಿನ ಕಂಬ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಎರಡು ಶಾಸನಗಳಿವೆ. ಒಂದು ಬನವಾಸಿಯಿಂದ ಆಳುತ್ತಿದ್ದ ಚುಟು ವಂಶದ ಸಾತಕರ್ಣಿ ಇಲ್ಲಿನ ಮಳಪಳಿ ದೇವರಿಗೆ ಊರು ಬಿಟ್ಟುಕೊಟ್ಟಿದ್ದು. ಇನ್ನೊಂದು ಆಮೇಲೆ ಬಂದ ಕದಂಬ ಅರಸ ಆ ದತ್ತಿಯನ್ನು ಮತ್ತೆ ಕೊಟ್ಟಿದ್ದು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ದತ್ತಿ ಕೊಡಬೇಕೆಂದರೆ ಮೊದಲು ಊರು ಇರಬೇಕು. ಉತ್ತ ಗದ್ದೆ ಇರಬೇಕು, ಕಂದಾಯ ಬರುತ್ತಿರಬೇಕು, ಜನ ಕೈಮುಗಿಯುವ ದೇವರಿರಬೇಕು. ಅರಸರು ಬದಲಾದರೂ ದೇವರೂ ಊರೂ ಹಾಗೇ ಉಳಿದಿವೆ. ಅಂದರೆ ಕದಂಬರು ಬರುವ ಮೊದಲೇ ಇಲ್ಲಿ ಬೇಸಾಯದ ಊರುಗಳು ಬೇರು ಬಿಟ್ಟಿದ್ದವು. ಕದಂಬರಿಂದಲೇ ಈ ಸೀಮೆಯ ಚರಿತ್ರೆ ಶುರು ಎಂದು ಹೇಳುವವರು ಈ ಕಂಬವನ್ನು ಮರೆಯಬಾರದು.

ತಾಳಗುಂದದ ಕಂಬದ ಶಾಸನದಲ್ಲಿ ಏನಿದೆ?

ನನ್ನನ್ನು ಕೇಳಿದರೆ ಇಡೀ ತಾಲ್ಲೂಕಿನಲ್ಲಿ ಮೊದಲು ನೋಡಬೇಕಾದ್ದು ಇದೇ. ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಬೂದು ಬಣ್ಣದ ಗ್ರಾನೈಟ್ ಕಂಬ ನಿಂತಿದೆ. ಅಕ್ಷರಗಳು ಸಾಮಾನ್ಯ ಶಾಸನದ ಹಾಗೆ ಅಡ್ಡ ಸಾಲಿನಲ್ಲಿಲ್ಲ. ಕಂಬದ ಉದ್ದಕ್ಕೂ, ಕೆಳಗಿನಿಂದ ಮೇಲಕ್ಕೆ ಹತ್ತುತ್ತವೆ. ಒಂದೊಂದು ಮುಖಕ್ಕೆ ಎರಡೆರಡು ಸಾಲು, ಕೊನೆಯ ಮುಖದಲ್ಲಿ ಮಾತ್ರ ಒಂದು ಚಿಕ್ಕ ಸಾಲು. ಬುಡದ ಹತ್ತಿರ ಕೂತು ಕತ್ತು ವಾಲಿಸಿ ನೋಡಿದರೆ ಸಾಲು ಹೇಗೆ ಏರುತ್ತದೆ ಎಂದು ತಿಳಿಯುತ್ತದೆ. ಅಕ್ಷರಗಳ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಗುರುತು ಕಾಣುತ್ತದೆ.

ಭಾಷೆ ಸಂಸ್ಕೃತ. ಒಟ್ಟು 34 ಪದ್ಯ. ಬರೆದವನು ಕುಬ್ಜ ಎಂಬ ಕವಿ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೆಸರು ಹೇಳಿಕೊಂಡಿದ್ದಾನೆ. ಕಾಲ ಐದನೇ ಶತಮಾನ, ಕದಂಬರ ಶಾಂತಿವರ್ಮನ ಆಳ್ವಿಕೆ.

ಕಥೆ ಬಹಳ ಜನರಿಗೆ ಗೊತ್ತು. ಇಲ್ಲಿನ ಹುಡುಗ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋಗುತ್ತಾನೆ. ಅಲ್ಲಿನ ಘಟಿಕೆಗೆ, ಅಂದರೆ ದೊಡ್ಡ ವಿದ್ಯಾಶಾಲೆಗೆ, ಸೇರುತ್ತಾನೆ. ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗುತ್ತದೆ. ಅವಮಾನ ತಡೆಯಲಾರದೆ, ದರ್ಭೆ ಹಿಡಿದು ಪಳಗಿದ್ದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ಗಡಿ ಕಾಯುವವರನ್ನು ಸೋಲಿಸಿ, ಶ್ರೀಪರ್ವತದ ಕಾಡಿನಲ್ಲಿ ನೆಲೆ ಮಾಡಿಕೊಂಡು, ಬಾಣ ಅರಸರಿಂದ ಕಪ್ಪ ವಸೂಲಿ ಮಾಡುತ್ತಾನೆ. ಕೊನೆಗೆ ಪಲ್ಲವರೇ ಅವನಿಗೆ ನೆಲ ಬಿಟ್ಟುಕೊಡುತ್ತಾರೆ. ಕದಂಬ ರಾಜ್ಯ ಹುಟ್ಟಿದ್ದು ಹಾಗೆ.

ಆದರೆ ಕಂಬ ನಿಲ್ಲಿಸಿದ್ದು ಈ ಕಥೆ ಹೇಳಲಿಕ್ಕಷ್ಟೇ ಅಲ್ಲ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಇಲ್ಲಿನ ಶಿವನ ಗುಡಿಯ ಹತ್ತಿರ ಒಂದು ಕೆರೆ ಕಟ್ಟಿಸಿದ. ಅದನ್ನು ದಾಖಲೆ ಮಾಡುವುದು ಶಾಸನದ ಕೆಲಸ. ವಂಶದ ಹೆಮ್ಮೆ, ಯುದ್ಧ, ಗುಪ್ತರಂಥ ದೊಡ್ಡ ಮನೆತನಗಳಿಗೆ ಹೆಣ್ಣು ಕೊಟ್ಟ ವಿಷಯ ಎಲ್ಲವನ್ನೂ ಹೇಳಿ ಕೊನೆಗೆ ಬಂದು ನಿಲ್ಲುವುದು ಕೆರೆಯ ಹತ್ತಿರ. ಆ ಗುಡಿಯಲ್ಲಿ ಹಿಂದೆ ಸಾತಕರ್ಣಿಯಂಥ ಅರಸರು ಪೂಜೆ ಮಾಡಿದ್ದರು ಎಂಬ ಮಾತೂ ಬರುತ್ತದೆ. ಮಳವಳ್ಳಿಯ ಕಂಬ ಹೇಳಿದ್ದಕ್ಕೆ ಈ ಕಂಬವೂ ದನಿಗೂಡಿಸುತ್ತದೆ. ಮಯೂರನ ಕಥೆ ಹೇಳುವವರು ಕೆರೆಯ ಮಾತನ್ನು ಬಿಟ್ಟುಬಿಡುತ್ತಾರೆ. ಅದು ನನಗೆ ಬೇಜಾರು. ಊರು ಬದುಕಿದ್ದು ಕತ್ತಿಯಿಂದಲ್ಲ, ಆ ನೀರಿನಿಂದ.

ಹಲ್ಮಿಡಿಗಿಂತ ಹಳೆಯ ಕನ್ನಡ ಶಾಸನ ಇಲ್ಲೇ ಸಿಕ್ಕಿದೆ ಅಂತಾರೆ. ಹೌದಾ?

ಹೌದು. 2013ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಪ್ರಣವೇಶ್ವರ ಗುಡಿಯ ಬಳಿ ಅಗೆತ ನಡೆಸಿದಾಗ ಸಿಂಹದ ಆಕಾರದ ಒಂದು ಕಟಾಂಜನ, ಅಂದರೆ ಮೆಟ್ಟಿಲಿನ ಪಕ್ಕದ ಕಲ್ಲು, ಸಿಕ್ಕಿತು. ಅದರ ಮೇಲೆ ಸಂಸ್ಕೃತವೂ ಕನ್ನಡವೂ ಇರುವ ಶಾಸನವಿದೆ. ಅದನ್ನು ಓದಿದ ಇಲಾಖೆಯ ವಿದ್ವಾಂಸರು ಕ್ರಿ.ಶ. 370ರ ಸುಮಾರಿನದು ಎಂದು ಹೇಳಿದ್ದಾರೆ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನಕ್ಕೆ ಸಾಮಾನ್ಯವಾಗಿ ಕೊಡುವ ಕಾಲ ಸುಮಾರು 450.

ಶಾಸನದಲ್ಲಿ ತೇದಿ ಬರೆದಿಲ್ಲ. ಅಕ್ಷರದ ರೂಪ ನೋಡಿ ಕಾಲ ಹೇಳಬೇಕು. ಹಾಗಾಗಿ ಹತ್ತಿಪ್ಪತ್ತು ವರ್ಷ ಹಿಂದೆ ಮುಂದೆ ಎಂಬ ಚರ್ಚೆ ವಿದ್ವಾಂಸರ ನಡುವೆ ನಡೆಯುವುದು ಸಹಜ. ನನಗೆ ಕಾಲದಷ್ಟೇ ಮುಖ್ಯವಾಗಿ ಕಾಣುವುದು ವಿಷಯ. ಅದು ಒಬ್ಬ ಅಂಬಿಗನಿಗೆ ಗದ್ದೆ ಕೊಟ್ಟ ದಾಖಲೆ. ದೋಣಿ ನಡೆಸುವ ಒಬ್ಬ ಮನುಷ್ಯ ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದರೊಳಗೆ ಇದ್ದಾನೆ. ಇದಕ್ಕಿಂತ ಖುಷಿ ಏನು ಬೇಕು?

ತಾಳಗುಂದಕ್ಕೆ ಉತ್ತರದಿಂದ ಹನ್ನೆರಡು ಸಾವಿರ ಬ್ರಾಹ್ಮಣರು ಬಂದು ನೆಲೆಸಿದ್ದು ನಿಜವಾ?

ಈ ಕಥೆ ಇರುವುದು ಕದಂಬರ ಕಾಲದ ಶಾಸನದಲ್ಲಲ್ಲ. ಏಳೆಂಟು ನೂರು ವರ್ಷ ಆದ ಮೇಲೆ ಬರೆದ ಶಾಸನಗಳಲ್ಲಿ. ಮುಕ್ಕಣ್ಣ ಕದಂಬ ಎಂಬವನು ಅಹಿಚ್ಛತ್ರದಿಂದ 32 ಮನೆತನಗಳ 12,000 ಬ್ರಾಹ್ಮಣರನ್ನು ಕರೆತಂದು ಸ್ಥಾಣುಗೂಢೂರಿನಲ್ಲಿ, ಅಂದರೆ ಈಗಿನ ತಾಳಗುಂದದಲ್ಲಿ, ಅಗ್ರಹಾರ ಕಟ್ಟಿದ ಎಂದು ಅವು ಹೇಳುತ್ತವೆ. ಅಷ್ಟು ತಡವಾಗಿ ಬರೆದದ್ದನ್ನು ಅಕ್ಷರಶಃ ನಂಬಲು ಬರುವುದಿಲ್ಲ. ಆ ಕಾಲದ ಅಗ್ರಹಾರದವರು ತಮ್ಮ ಮೂಲದ ಬಗ್ಗೆ ಏನು ನಂಬಿದ್ದರು ಎಂಬುದು ಮಾತ್ರ ಅದರಿಂದ ಗೊತ್ತಾಗುತ್ತದೆ.

ಅಗ್ರಹಾರ ಇದ್ದದ್ದು, ಅದು ದೊಡ್ಡ ವಿದ್ಯಾಕೇಂದ್ರ ಆಗಿದ್ದದ್ದು ಸುಳ್ಳಲ್ಲ. 12ನೇ ಶತಮಾನದ ಶಾಸನದಲ್ಲಿ ವೇದ, ಶಾಸ್ತ್ರ ಹೇಳಿಕೊಡುವವರಿಗೆ ಜಮೀನು ಬಿಟ್ಟ ವಿವರ ಇದೆ. ಅವರ ಸಾಲಿನಲ್ಲೇ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಮೇಷ್ಟ್ರೂ ಇದ್ದಾರೆ. ಕಲಿಯುವವರ ಊಟದ ಏರ್ಪಾಡೂ ಇದೆ.

ಬಳ್ಳಿಗಾವಿ ಈಗ ಸಣ್ಣ ಹಳ್ಳಿ. ಹಿಂದೆ ಅಷ್ಟು ದೊಡ್ಡ ಪಟ್ಟಣ ಆಗಿತ್ತಾ?

ಆಗಿತ್ತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ನಾಡಿಗೆ ಇದೇ ರಾಜಧಾನಿ. ಅರಸರು, ದಂಡನಾಯಕರು, ವರ್ತಕರ ಸಂಘಗಳು, ಶಿಲ್ಪಿಗಳು, ನಾಟ್ಯದವರು ಎಲ್ಲ ಇಲ್ಲಿದ್ದರು. ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗ್ರಾಮೆ ಎಂದು ಬರುತ್ತದೆ. ದಕ್ಷಿಣ ಕೇದಾರ ಎಂದೂ ಹೆಸರಿತ್ತು.

ಇಲ್ಲಿ ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಈ ಐದೂ ದೇವರಿಗೆ ಸೇರಿದ ಮಠಗಳಿದ್ದವು. 1065ರಲ್ಲಿ ರೂಪಭಟ್ಟಯ್ಯ ಎಂಬ ದಂಡನಾಯಕ ಬೌದ್ಧ ವಿಹಾರ ಕಟ್ಟಿಸಿದ. ನಾಗಿಯಕ್ಕ ಎಂಬ ಹೆಣ್ಣುಮಗಳು ತಾರಾ ಭಗವತಿಯ ವಿಗ್ರಹ ಮಾಡಿಸಿದಳು. ಕರ್ನಾಟಕದಲ್ಲಿ ಬೌದ್ಧ ಧರ್ಮ ಅಷ್ಟು ಹೊತ್ತಿಗೆ ಮುಗಿದೇ ಹೋಗಿತ್ತು ಎಂದುಕೊಂಡವರು ಬಹಳ ಜನ. ಇಲ್ಲಿ ಹನ್ನೊಂದನೇ ಶತಮಾನದಲ್ಲೂ ಅದು ಜೀವಂತವಾಗಿತ್ತು.

ಇನ್ನು ಕೋಡಿಯ ಮಠ. ಕೆರೆ ಕೋಡಿಯ ಹತ್ತಿರ ಕೇದಾರೇಶ್ವರ ಗುಡಿಗೆ ಸೇರಿಕೊಂಡು ಕಾಳಾಮುಖ ಎಂಬ ಶೈವ ಪಂಥದವರ ಮಠ ಇತ್ತು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಈ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಉದ್ದಕ್ಕೆ ಹೇಳುತ್ತದೆ. ವೇದಗಳು, ಬೇರೆ ಬೇರೆ ಪಂಥದ ವ್ಯಾಕರಣಗಳು, ಆರು ದರ್ಶನ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಲ್ಲದರ ಪಾಠ. ಅದಾದ ಮೇಲೆ ಬರುವ ಭಾಗವನ್ನೇ ನಾನು ಎಲ್ಲರಿಗೂ ಓದಿ ಹೇಳುವುದು. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ಬಾರಿಸುವವರು, ಕುಣಿಯುವವರು, ಜೈನ ಮತ್ತು ಬೌದ್ಧ ಭಿಕ್ಷುಗಳು, ಇವರೆಲ್ಲರಿಗೂ ಇಲ್ಲಿ ಊಟ. ಕಾಯಿಲೆಯವರಿಗೆ ಔಷಧ. ಹೆದರಿ ಬಂದ ಯಾವ ಜೀವಿಗೂ ಅಭಯ. ಬೇರೆ ಮತದವರಿಗೂ ಅನ್ನ ಎಂದು ಕಲ್ಲಿನ ಮೇಲೆ ಕೊರೆಸಿಟ್ಟ ಊರು ಇದು.

ಬಳ್ಳಿಗಾವಿಯಲ್ಲಿ ಏನೇನು ತಪ್ಪದೆ ನೋಡಬೇಕು?

ಮೂರು. ಕೇದಾರೇಶ್ವರ ಗುಡಿಯಲ್ಲಿ ಮೂರು ಗರ್ಭಗುಡಿಗಳಿವೆ. ಎರಡರಲ್ಲಿ ಲಿಂಗ, ಉತ್ತರದ್ದರಲ್ಲಿ ವಿಷ್ಣು. ಒಳಗಿನ ಕಂಬಗಳನ್ನು ಬಳಪದ ಕಲ್ಲಿನಿಂದ ತಿರುಗಣೆಯಲ್ಲಿ ಕಡೆದು ಹೊಳಪು ಬರಿಸಿದ್ದಾರೆ.

ತ್ರಿಪುರಾಂತಕ ಗುಡಿ ಹಾಳಾಗಿದೆ ಎಂದು ಜಾಸ್ತಿ ಜನ ಹೋಗುವುದಿಲ್ಲ. ಹೋಗಲೇಬೇಕು. ಬಾಗಿಲ ಪಕ್ಕದ ಜಾಲಂಧ್ರದ, ಅಂದರೆ ತೂತು ತೂತಾಗಿ ಕೊರೆದ ಕಲ್ಲಿನ ಜಾಲರಿಯ, ಕೆತ್ತನೆ ನೋಡಲು ಒಂದು ಗಳಿಗೆ ಸಾಲದು. ಮಕ್ಕಳು ಜೊತೆಗಿದ್ದರೆ ಹೊರಗಿನ ತಳಭಾಗದ ಪಟ್ಟಿಕೆ ತೋರಿಸಿ. ಪಂಚತಂತ್ರದ ಕಥೆಗಳನ್ನು ಅಲ್ಲಿ ಕೆತ್ತಿದ್ದಾರೆ. ಕಥೆ ಗೊತ್ತಿದ್ದ ಮಗು ತಾನೇ ಹುಡುಕಿ ಹೇಳುತ್ತದೆ.

ಮೂರನೆಯದು ಗಂಡಭೇರುಂಡ ಕಂಬ. 1047ರಲ್ಲಿ ಚಾವುಂಡರಾಯರಸ ಎಂಬ ಮಹಾಮಂಡಲೇಶ್ವರ, ಅಂದರೆ ದೊಡ್ಡ ಸಾಮಂತ, ನಿಲ್ಲಿಸಿದ್ದು. ಸುಮಾರು 30 ಅಡಿ ಎತ್ತರದ ಒಂದೇ ಕಲ್ಲು. ಇಲ್ಲಿನ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮುಂದೆ ಮೈಸೂರು ಒಡೆಯರ ಲಾಂಛನವಾಗಿ, ಈಗ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಇರುವುದೂ ಇದೇ ಗಂಡಭೇರುಂಡ. ಹಿಂದೆ ಇಲ್ಲಿ ಜಮೀನು ಅಳೆಯಲು ಭೇರುಂಡ ಗಳೆ ಎಂಬ ಅಳತೆಕೋಲೂ ಬಳಕೆಯಲ್ಲಿತ್ತು.

ಬೇಲೂರಿನ ಶಿಲ್ಪಿಗಳು ಬಳ್ಳಿಗಾವಿಯವರಾ?

ಎಲ್ಲರೂ ಅಲ್ಲ, ಮುಖ್ಯರಾದ ಕೆಲವರು. ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಮದನಿಕೆಗಳ ಕೆಳಗೆ ಹೆಸರು ಕೆತ್ತಿ, ತಮ್ಮ ಊರು ಬಳ್ಳಿಗ್ರಾಮೆ ಎಂದು ಬರೆದುಕೊಂಡಿದ್ದಾರೆ. ಮುಂದಿನ ಸಲ ಬೇಲೂರಿಗೆ ಹೋದಾಗ ಆ ಅಕ್ಷರಗಳನ್ನು ಗೈಡ್‌ಗೆ ಹೇಳಿ ತೋರಿಸಿಕೊಳ್ಳಿ.

ಅಲ್ಲಮಪ್ರಭು, ಅಕ್ಕಮಹಾದೇವಿ ಇಬ್ಬರೂ ಇದೇ ತಾಲ್ಲೂಕಿನವರು ಹೇಗೆ?

ಅಲ್ಲಮ ಬಳ್ಳಿಗಾವಿಯವರು, ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದರು ಎಂಬುದು ಶರಣ ಪರಂಪರೆಯಲ್ಲಿ ಬಂದ ಮಾತು. ಅಕ್ಕನ ಊರು ಉಡುತಡಿ. ಅದು ಶಿರಾಳಕೊಪ್ಪದ ಹತ್ತಿರದ ಈಗಿನ ಉಡುಗಣಿ ಎಂದು ಗುರುತಿಸಿದ್ದಾರೆ. ಅಕ್ಕ ಅಲ್ಲಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಹೋದರು. ಹೆಚ್ಚು ಜನ ಕೇಳದ ಇನ್ನೊಂದು ಹೆಸರು ಸತ್ಯಕ್ಕ. ಹಿರೇಜಂಬೂರಿನ ಈ ಶರಣೆ ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ವಚನ ಬರೆದರು. ಅಕ್ಕನ ಊರಿಗೆ ಹೋದವರು ಸತ್ಯಕ್ಕನ ಊರಿಗೂ ಹೋಗಿ ಬಂದರೆ ಒಳ್ಳೆಯದು ಅಲ್ವಾ?

ಕೆಲವು ಮೈಲಿಗಳ ಒಳಗೆ ಇಷ್ಟು ಜನ ಶರಣರು ಹೇಗೆ ಹುಟ್ಟಿದರು ಎಂದು ಕೇಳುವವರಿದ್ದಾರೆ. ಸುಮ್ನೆ ಪವಾಡ ಎಂದು ಹೇಳಿ ಬಿಡಬಾರದು. ಶಾಲೆ, ಮಠ, ಸಂತೆ, ಸಂಗೀತ, ಹಲವು ಮತಗಳ ವಾದ ಎಲ್ಲ ಇದ್ದ ಪಟ್ಟಣದ ಸುತ್ತ ಇಂಥವರು ಬೆಳೆದರು.

ಬಂದಳಿಕೆಯ ವಿಶೇಷ ಏನು?

ಬಂದಳಿಕೆ ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯ ಊರು. ಈಗ ಗಿಡಮರಗಳ ನಡುವೆ ಶಾಂತಿನಾಥ ಬಸದಿ, ಸೋಮೇಶ್ವರ ಗುಡಿ, ತ್ರಿಮೂರ್ತಿ ನಾರಾಯಣ ಗುಡಿಗಳಿವೆ. ಜನಸಂದಣಿ ಇಲ್ಲ. ಸಮಾಧಾನವಾಗಿ ನೋಡಬಹುದು.

ಇಲ್ಲಿನ ನೆನಪಿಡಬೇಕಾದ ಹೆಸರು ಜಕ್ಕಿಯಬ್ಬೆ. ರಾಷ್ಟ್ರಕೂಟರ ಎರಡನೇ ಕೃಷ್ಣನ ಕಾಲ, ಹತ್ತನೇ ಶತಮಾನದ ಮೊದಲ ಭಾಗ. ನಾಡಗಾವುಂಡನಾಗಿದ್ದ, ಅಂದರೆ ನಾಡಿನ ಮುಖ್ಯಾಧಿಕಾರಿಯಾಗಿದ್ದ, ಗಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅರಸ ಅದೇ ಅಧಿಕಾರವನ್ನು ಹೆಂಡತಿಗೆ ಕೊಟ್ಟ. ಜಕ್ಕಿಯಬ್ಬೆ ನಾಡನ್ನು ಚೆನ್ನಾಗಿ ಆಳಿದಳು ಎಂದು ಶಾಸನ ಮೆಚ್ಚಿ ಬರೆದಿದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ, ಅಂದರೆ ಜೈನರ ಉಪವಾಸ ವ್ರತ, ಕೈಗೊಂಡು ಪ್ರಾಣ ಬಿಟ್ಟಳು. ಸಾವಿರ ವರ್ಷದ ಹಿಂದೆ, ತಾಯಿಯಿಂದ ಮಗಳಿಗೆ ಅಧಿಕಾರ. ಈ ವಿಷಯ ಇಲ್ಲಿನ ಪ್ರತಿ ಶಾಲೆಯ ಮಕ್ಕಳಿಗೂ ಗೊತ್ತಿರಬೇಕು.

ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಕೆತ್ತನೆಯ ಕಲ್ಲುಗಳು ಕಾಣುತ್ತವೆ. ಅವು ಏನು?

ಬಹುಪಾಲು ವೀರಗಲ್ಲುಗಳು, ಕೆಲವು ಮಾಸ್ತಿಕಲ್ಲುಗಳು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಜಗಳ ನಡೆಯುತ್ತಿರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಕತ್ತಿ ಬಿಲ್ಲುಗಳ ನಡುವೆ ಒಂದೆರಡು ಹಸು ಕಾಣುತ್ತವೆ. ಅಂದರೆ ಅದು ತುರುಗೋಳ್, ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತವನ ಕಲ್ಲು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಬಳೆ ತೊಟ್ಟ ಕೈ ಮೇಲೆತ್ತಿದ ಹಾಗೆ ಇದ್ದರೆ ಅದು ಗಂಡನ ಜೊತೆ ಪ್ರಾಣ ಬಿಟ್ಟ ಹೆಣ್ಣಿನ ಮಾಸ್ತಿಕಲ್ಲು.

ಅರಸರ ಶಾಸನದಲ್ಲಿ ಹೆಸರಿಲ್ಲದ ರೈತ, ದನ ಕಾಯುವವ, ಊರ ತಳವಾರ ಇಂಥ ಕಲ್ಲುಗಳಲ್ಲಿ ಸಿಗುತ್ತಾರೆ.

ಲಂಬಾಣಿ ತಾಂಡಾಗಳು ಇಲ್ಲಿಗೆ ಯಾವಾಗ ಬಂದವು?

ಅವರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸಾಗಿಸುತ್ತಿದ್ದವರು. ಗಾಡಿ ರಸ್ತೆ, ರೈಲು ಬಂದ ಮೇಲೆ ಆ ಕಸುಬು ನಿಂತಿತು. ನಿಧಾನವಾಗಿ ಕಾಡಂಚಿನಲ್ಲಿ, ದಾರಿ ಪಕ್ಕದಲ್ಲಿ ತಾಂಡಾ ಮಾಡಿಕೊಂಡು ಬೇಸಾಯಕ್ಕೆ ಇಳಿದರು. ಸಂತ ಸೇವಾಲಾಲರು ಹುಟ್ಟಿದ ಜಾಗ ಎಂದು ನಂಬಿ ಸಾವಿರಾರು ಜನ ಮಾಲೆ ಧರಿಸಿ ಹೋಗುವ ಸೂರಗೊಂಡನಕೊಪ್ಪ ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ತಾಲ್ಲೂಕಿನ ನೆಲೆಗಳ ಕಥೆ ಹೇಳುವಾಗ ತಾಂಡಾಗಳನ್ನು ಬಿಟ್ಟರೆ ಅದು ಅರ್ಧ ಕಥೆ.

ಶಿಕಾರಿಪುರ ಎಂಬ ಹೆಸರು ಹೇಗೆ ಬಂತು?

ಮೊದಲು ಮಳಿಯನಹಳ್ಳಿ, ಕೆಳದಿ ನಾಯಕರ ಕಾಲಕ್ಕೆ ಮಹಾದಾನಪುರ, ಆಮೇಲೆ ಹೈದರ್ ಅಥವಾ ಟಿಪ್ಪು ಇಲ್ಲಿ ಬೇಟೆಯಾಡಿದ್ದಕ್ಕೆ ಶಿಕಾರಿಪುರ ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಪಟ್ಟಣದಲ್ಲಿ ಹುಚ್ಚರಾಯಸ್ವಾಮಿ, ಅಂದರೆ ಆಂಜನೇಯನ ಗುಡಿ ಇದೆ.

ಈಸೂರಿಗೂ ಹೋಗಬೇಕಾ?

ಖಂಡಿತ. 1942ರ ಸೆಪ್ಟೆಂಬರ್‌ನಲ್ಲಿ ಈಸೂರಿನವರು ತಮ್ಮ ಊರು ಸ್ವತಂತ್ರ ಎಂದು ಸಾರಿದರು. ಹುಡುಗರನ್ನೇ ಊರಿನ ಅಧಿಕಾರಿಗಳಾಗಿ ಮಾಡಿದರು. ಚಿಕ್ಕವರನ್ನು ಜೈಲಿಗೆ ಹಾಕುವುದು ಕಷ್ಟ ಎಂಬ ಲೆಕ್ಕಾಚಾರ. ಅಮಲ್ದಾರರು, ಪೊಲೀಸರು ಬಂದಾಗ ಘರ್ಷಣೆಯಾಗಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. ಆಮೇಲೆ ಊರು ಪಟ್ಟ ಪಾಡು ದೊಡ್ಡದು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೆ ಹಾಕಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ.

ಒಂದೇ ದಿನದಲ್ಲಿ ಎಲ್ಲ ನೋಡಬಹುದಾ?

ಎಲ್ಲ ಆಗುವುದಿಲ್ಲ. ಶಿರಾಳಕೊಪ್ಪವನ್ನು ನೆಲೆ ಮಾಡಿಕೊಂಡರೆ ಬೆಳಿಗ್ಗೆ ತಾಳಗುಂದ, ಆಮೇಲೆ ಬಳ್ಳಿಗಾವಿ ಸುಲಭ. ಮಧ್ಯಾಹ್ನದ ಮೇಲೆ ಉಡುಗಣಿ ಅಥವಾ ಬಂದಳಿಕೆ, ಯಾವುದಾದರೂ ಒಂದು. ಶಿವಮೊಗ್ಗದಿಂದ ಬಸ್ ಚೆನ್ನಾಗಿವೆ, ಆದರೆ ಬಂದಳಿಕೆಗೆ ಸ್ವಂತ ಗಾಡಿ ಇದ್ದರೆ ಅನುಕೂಲ. ಮಳೆಗಾಲದಲ್ಲಿ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಎಚ್ಚರ. ಶಾಸನದ ಅಕ್ಷರ ಓದಬೇಕೆಂದರೆ ನಡುಮಧ್ಯಾಹ್ನ ಬೇಡ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರ ಎದ್ದು ಕಾಣುತ್ತದೆ. ಇಲ್ಲದಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಬನವಾಸಿಯನ್ನೂ ಸೇರಿಸಿಕೊಂಡರೆ ಇನ್ನೊಂದು ದಿನ ಬೇಕು. ಶಿವಮೊಗ್ಗಕ್ಕೆ ವಾಪಸ್ ಬಂದಾಗ ಶಿವಪ್ಪನಾಯಕನ ಅರಮನೆಯ ಮ್ಯೂಸಿಯಂ ನೋಡಿ.

ನಮ್ಮ ಜಮೀನಿನಲ್ಲಿ ಅಕ್ಷರ ಇರುವ ಕಲ್ಲು ಸಿಕ್ಕಿದೆ. ಏನು ಮಾಡಬೇಕು?

ಇದ್ದಲ್ಲೇ ಇರಲಿ. ಜೆಸಿಬಿಯಿಂದ ಎತ್ತಿಸಬೇಡಿ. ಎಷ್ಟೋ ಶಾಸನಗಳಲ್ಲಿ ದತ್ತಿ ಜಮೀನಿನ ಗಡಿ ಹೇಳಿರುತ್ತದೆ. ಕಲ್ಲು ಜಾಗ ಬಿಟ್ಟರೆ ಆ ಮಾತಿಗೆ ಆಧಾರ ಹೋಗುತ್ತದೆ. ಅಕ್ಷರ ಕಾಣಲಿ ಎಂದು ಸುಣ್ಣ, ಪೇಂಟ್, ಎಣ್ಣೆ ಹಚ್ಚಬೇಡಿ. ತಂತಿ ಬ್ರಷ್ ಅಂತೂ ಬೇಡವೇ ಬೇಡ. ಮಣ್ಣು ಹತ್ತಿದ್ದರೆ ನೀರು ಹಾಕಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಳಗೆ ನಿಧಿ ಇದೆ ಎಂದು ಯಾರಾದರೂ ಹೇಳಿಕೊಂಡು ಬಂದರೆ ಹತ್ತಿರ ಬಿಡಬೇಡಿ. ಈ ಸೀಮೆಯಲ್ಲಿ ನಿಧಿಗಳ್ಳರು ಅಗೆದು ಒಡೆದ ಕಲ್ಲು ಒಂದೆರಡಲ್ಲ. ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಸರ್ವೆ ನಂಬರ್ ಬರೆದುಕೊಂಡು ಗ್ರಾಮ ಪಂಚಾಯ್ತಿಗೆ, ತಹಸೀಲ್ದಾರರ ಕಚೇರಿಗೆ ತಿಳಿಸಿ. ಶಿವಮೊಗ್ಗದಲ್ಲಿರುವ ಪುರಾತತ್ವ ಇಲಾಖೆಯವರಿಗೂ ಒಂದು ಪತ್ರ ಬರೆಯಿರಿ. ಓದಿ ಹೇಳಿದ ಮೇಲೆ ಅದರ ಪ್ರತಿ ಒಂದನ್ನು ಕೇಳಿ ಪಡೆದು ಊರಿನ ಶಾಲೆಗೆ ಕೊಡಿ.